ಅಣ್ಣನ ಎದುರು ಆಡಿದ ಫೈನಲ್

ಅಣ್ಣನ ಎದುರು ಹೇಗೆ ಸೋಲಬೇಕೆಂಬುದನ್ನು ಅಕ್ಕು ಚಿಕ್ಕಂದಿನಲ್ಲೇ ಕಲಿತುಬಿಟ್ಟಿದ್ದಳು. ಜೋಗೇಶ್ವರಿಯ ಚಾಳಿನ ಒಂದೇ ಕೋಣೆಯಲ್ಲಿ, ಅಪ್ಪ ತಂದುಕೊಟ್ಟ ಕಟ್ಟಿಗೆಯ ಚೆಸ್ ಬೋರ್ಡಿನ ಮೇಲೆ ಅವಳು ಮೊದಲ ಸಲ ಅಣ್ಣ ಬಸುವನ್ನು ಸೋಲಿಸಿದ ದಿನ, ಅವನು ಕಾಯಿಗಳನ್ನೆಲ್ಲ ಕೆಡವಿ, ಅದೇ ಬೋರ್ಡನ್ನು ಮಡಚಿ ಅವಳ ಬೆರಳುಗಳ ಮೇಲೆ ಜಜ್ಜಿದ. ಅವ್ವ ಶರಣವ್ವ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದಳು. "ಸೋತು ಬಿಡಬಾರದೇನ ಯವ್ವಾ, ನಿಂದೇನ ಹೋಗತೈತಿ?" ಎಂದಳು.

ಆದರೆ ಸುಮ್ಮನೆ ಸೋತರೂ ಹೊಡೆತ ತಪ್ಪುತ್ತಿರಲಿಲ್ಲ. ಬೇಕಂತಲೇ ಆಟ ಬಿಟ್ಟುಕೊಟ್ಟಳೆಂದು ಗೊತ್ತಾದರೆ ಬಸುವಿನ ಸಿಟ್ಟು ಇನ್ನೂ ಕೆಟ್ಟದ್ದು. ಹೀಗಾಗಿ ಅಕ್ಕು ಒಂದು ದಾರಿ ಕಂಡುಕೊಂಡಳು. ಆಟ ಶುರುವಾದ ಕೂಡಲೇ ರಾಣಿಯನ್ನು ಹೊರಗೆ ತರುವುದು. ನೋಡುವವರಿಗೆ ಏನೋ ಆವೇಶದಿಂದ ಆಡುತ್ತಿದ್ದಾಳೆ ಅನ್ನಿಸಬೇಕು. ಬಸುವಿನ ಕುದುರೆ, ಒಂಟೆ, ಪದಾತಿಗಳು ಒಂಟಿ ರಾಣಿಯನ್ನು ಅಟ್ಟುತ್ತಾ ಅಟ್ಟುತ್ತಾ ಮುಂದೆ ಬರುತ್ತಿದ್ದವು, ಅವಳ ಉಳಿದ ಕಾಯಿಗಳು ಎದ್ದೇ ಇರುತ್ತಿರಲಿಲ್ಲ. ಕೊನೆಗೆ ರಾಣಿ ಎಲ್ಲೋ ಮೂಲೆಯಲ್ಲಿ ಸಿಕ್ಕಿಬೀಳುತ್ತಿದ್ದಳು. ಬಸು ನಗುತ್ತಿದ್ದ. ಅವನು ನಕ್ಕ ದಿನ ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗಿ ಊಟ ಮಾಡುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಬಸುವಿನ ಕೈಗೆ ಅಡ್ಡಿಯೇ ಇಲ್ಲದಾಯಿತು. ಸಾರಿಗೆ ಉಪ್ಪು ಹೆಚ್ಚಾದರೆ, ಅಕ್ಕುವಿನ ಲೋಕಲ್ ರೈಲು ತಡವಾದರೆ, ಅವಳ ಫೋನು ಎರಡು ಸಲ ಸದ್ದು ಮಾಡಿದರೆ ಹೊಡೆತ. ಓಣಿಯಲ್ಲಿ ಮಾತ್ರ ಅವನಿಗೆ ಒಳ್ಳೆಯ ಹೆಸರಿತ್ತು. ಚೆಸ್ ಆಡುವ ಹುಡುಗ, ಕುಡಿತವಿಲ್ಲ, ಕೆಟ್ಟ ಚಟವಿಲ್ಲ.

ಅಕ್ಕು ಸಯನ್‌ನ ಒಂದು ವಿಮಾ ಕಚೇರಿ ಸೇರಿದಳು. ಅಲ್ಲಿ ಧಾರವಾಡದ ವಿನೋದಿನಿ ಇದ್ದಳು, ವಯಸ್ಸಿನಲ್ಲಿ ದೊಡ್ಡವಳು, ಊಟದ ಬಿಡುವಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟು ಚೆಸ್ ಬೋರ್ಡ್ ಹರಡುವವಳು. ಕೆಲವು ಆಟ ಆಡಿದ ಮೇಲೆ ಒಂದು ದಿನ ಕಾಯಿ ಮುಟ್ಟದೆ ಅಕ್ಕುವಿನ ಮುಖವನ್ನೇ ನೋಡಿದಳು.

"ನಿನಗ ಆಟ ಬರತದ. ಆದ್ರೂ ಕ್ವೀನ್ ಬೇಕಂತ ಕೊಡ್ತಿ. ಯಾರ ಮುಂದ ಕಲ್ತಿ ಇದನ್ನ?"

ಅಕ್ಕು ಬೋರ್ಡಿನ ಮೇಲೆ ಬಾಗಿ ಕಾಯಿಗಳನ್ನು ಮತ್ತೆ ಜೋಡಿಸತೊಡಗಿದಳು. ಅವಳ ಕತ್ತಿನ ಬಳಿಯ ನೀಲಿ ಕಲೆ ನೋಡಿ ವಿನೋದಿನಿ ಮತ್ತೆ ಕೇಳಲಿಲ್ಲ. ಅಂದಿನಿಂದ ಆಟವನ್ನಷ್ಟೇ ಹೇಳಿಕೊಟ್ಟಳು. ಮೊದಲು ಕುದುರೆ, ಒಂಟೆಗಳು ಹೊರಬರಲಿ, ರಾಜ ಮೂಲೆ ಸೇರಲಿ, ಅಲ್ಲಿಯವರೆಗೆ ರಾಣಿಯನ್ನು ಅವಸರಕ್ಕೆ ಎಬ್ಬಿಸಬೇಡ. ತನ್ನ ಮನೆಯಲ್ಲಿ ಕೂತಾಗಲೂ ರಾಣಿ ಪಕ್ಕದವರನ್ನು ಕಾಯುತ್ತಾಳೆ, ದೂರದ ಸಾಲುಗಳ ಮೇಲೆ ಕಣ್ಣಿಡುತ್ತಾಳೆ. ಹೊರಟರೆ ಮಾತ್ರ ಒಂದೇ ನಡೆಯಲ್ಲಿ ಎರಡು ಕೆಲಸ ಆಗಬೇಕು, ಇಲ್ಲದಿದ್ದರೆ ಹೊರಡಲೇಬಾರದು.

ಆ ವರ್ಷವೂ ಘಾಟ್ಕೋಪರ್‌ನ ಒಂದು ಸೊಸೈಟಿ ಹಾಲ್‌ನಲ್ಲಿ ಅಲ್ಲಿನ ಕನ್ನಡಿಗರು ಭಾನುವಾರದ ಚೆಸ್ ಪಂದ್ಯ ಇಟ್ಟುಕೊಂಡರು. ಬಸು ಪ್ರತಿ ವರ್ಷ ಗೆಲ್ಲುತ್ತಿದ್ದ. ಈ ಸಲ ವಿನೋದಿನಿ ಅಕ್ಕುವಿನ ಹೆಸರನ್ನೂ ಕೊಟ್ಟಿದ್ದಳು. ಅಕ್ಕು ಒಂದೊಂದೇ ಸುತ್ತು ದಾಟಿ, ಮಧ್ಯಾಹ್ನದ ಹೊತ್ತಿಗೆ ಫೈನಲ್ಲಿನಲ್ಲಿ ಅಣ್ಣನ ಎದುರಿನ ಕುರ್ಚಿಗೆ ಬಂದು ಕೂತಳು.

ಬಸು ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿದ, "ಲಗೂ ಮುಗಸು. ಫೋಟೋ ತೆಗ್ಯಾವ್ರು ನಿಂತಾರ."

ಮೊದಲ ಪದಾತಿ ಸರಿದ ಮೇಲೆ ಅವಳ ಕೈ ರೂಢಿಯಂತೆ ರಾಣಿಯ ಕಡೆಗೇ ಹೋಯಿತು. ಮುಟ್ಟಿದರೆ ನಡೆಸಲೇಬೇಕು ಎಂಬುದು ಪಂದ್ಯದ ನಿಯಮ. ಇನ್ನೇನು ತಾಗಬೇಕು, ಅಷ್ಟರಲ್ಲಿ ಬೆರಳು ಮಡಚಿಕೊಂಡಳು. ಕುದುರೆಯನ್ನು ಎತ್ತಿ ಇಟ್ಟಳು.

ಬಸು ಎಂದಿನಂತೆ ರಾಣಿ ಬರುತ್ತಾಳೆಂದು ಕಾದ. ಅವಳನ್ನು ಅಟ್ಟಲೆಂದು ಪದಾತಿಗಳನ್ನು ಮುಂದೆ ದೂಡಿದ. ರಾಣಿ ಬರಲಿಲ್ಲ. ಇನ್ನೊಂದು ದೂಡಿದ. ಅಕ್ಕು ಒಂಟೆಗಳನ್ನು ಹೊರಗೆ ತಂದಳು, ರಾಜನನ್ನು ಮೂಲೆಗೆ ಸೇರಿಸಿದಳು. ಬಸುವಿನ ರಾಜನ ಮುಂದಿನ ಮನೆಗಳು ಒಂದೊಂದಾಗಿ ಬರಿದಾದವು. ಆಮೇಲೆ ಎದ್ದಳು ರಾಣಿ. ಒಂದೇ ನಡೆ. ಓರೆಯಲ್ಲಿ ರಾಜನಿಗೆ ಚೆಕ್, ನೇರದಲ್ಲಿ ಕಾವಲಿಲ್ಲದ ಆನೆ. ಬಸು ರಾಜನನ್ನು ಸರಿಸಿದ, ಅಕ್ಕು ಆನೆಯನ್ನು ಹೊಡೆದಳು. ಮುಂದೆ ಆಡಲು ಅವನಿಗೆ ಹೆಚ್ಚೇನೂ ಉಳಿದಿರಲಿಲ್ಲ.

ಹಿಂದೆ ಯಾರೋ ಚಪ್ಪಾಳೆ ತಟ್ಟಿದರು.

ಬಸು ಎದ್ದವನೇ ಅವಳ ಜಡೆ ಹಿಡಿದು ಮುಖವನ್ನು ಬೋರ್ಡಿನ ಮೇಲೆ ಕುಟ್ಟಿದ. ಯಾವುದೋ ಕಾಯಿಯ ಮೊನೆ ಹುಬ್ಬನ್ನು ಸೀಳಿತು. ಎರಡನೆಯ ಸಲ ಕುಟ್ಟಿದಾಗ ಮೂಗಿನಿಂದ ರಕ್ತ ಚಿಮ್ಮಿತು. ಮೂರನೆಯದಕ್ಕೆ ಅವನು ತಲೆ ಎತ್ತಿದಾಗ ಅಕ್ಕುವಿನ ಕೈಗೆ ಆಟದ ಗಡಿಯಾರ ಸಿಕ್ಕಿತು. ಅದನ್ನು ಹಿಂದಕ್ಕೆ ಬೀಸಿ ಅವನ ಬಾಯಿಗೆ ಅಪ್ಪಳಿಸಿದಳು. ಹಲ್ಲು ಮುರಿದದ್ದು ಅವಳ ಮುಂಗೈಗೇ ಗೊತ್ತಾಯಿತು. ಹಿಡಿತ ಸಡಿಲಾಯಿತು. ಪಂದ್ಯ ನಡೆಸುತ್ತಿದ್ದ ಕಾಶಿನಾಥ ಓಡಿಬಂದು ಮತ್ತಿಬ್ಬರ ಜೊತೆ ಬಸುವನ್ನು ಎಳೆದುಕೊಂಡ. ಬಸು ಬಾಯಲ್ಲಿ ರಕ್ತ ತುಂಬಿಕೊಂಡೇ ಹೇಳಿದ, "ಮನಿಗೆ ಬಾ. ಅವ್ವನ್ನೂ ಕೇಳ್ತೀನಿ, ಹೆಂಗ ಬೆಳಸ್ಯಾಳ ಅಂತ." ಕೊಸರಿಕೊಂಡು ಹೊರಟುಹೋದ.

ಹತ್ತಿರದ ದವಾಖಾನೆಯಲ್ಲಿ ಹುಬ್ಬಿಗೆ ಹೊಲಿಗೆ ಹಾಕಿದರು. ಪೊಲೀಸ್ ಠಾಣೆಗೆ ಹೋಗಿ ಅಲ್ಲಿಂದ ತನ್ನ ಮನೆಗೆ ಬರಬೇಕೆಂದು ಜೊತೆಗೆ ಬಂದಿದ್ದ ವಿನೋದಿನಿ ಹಟ ಹಿಡಿದಳು. ಅಕ್ಕುವಿನ ಕಿವಿಯಲ್ಲಿ ಬಸುವಿನ ಮಾತೇ ಸುತ್ತುತ್ತಿತ್ತು. ಮನೆಯಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಇಬ್ಬರೂ ಮೆಟ್ರೊ ಹತ್ತಿ ಅಂಧೇರಿಗೆ ಬಂದು, ಅಲ್ಲಿಂದ ರಿಕ್ಷಾ ಹಿಡಿದರು. ದಾರಿಯಲ್ಲೇ ವಿನೋದಿನಿ ಪೊಲೀಸರಿಗೆ ಫೋನು ಮಾಡಿದಳು.

ಚಾಳಿನ ಬಾಗಿಲುಗಳಲ್ಲಿ ಜನ ನಿಂತಿದ್ದರು, ಯಾರೂ ಒಳಗೆ ಹೋಗಿರಲಿಲ್ಲ. ಕೋಣೆಯೊಳಗೆ ಶರಣವ್ವ ಹೊಸ್ತಿಲ ಬಳಿಯೇ ಬಿದ್ದಿದ್ದಳು. ಒಂದು ಕಣ್ಣು ಬಾತುಕೊಂಡಿತ್ತು, ಬಳೆ ಒಡೆದು ಮುಂಗೈಯಲ್ಲಿ ನೆಟ್ಟಿತ್ತು. ಬಸು ಮೂಲೆಯ ಬಚ್ಚಲಿನಲ್ಲಿ ಬಾಯಿ ತೊಳೆಯುತ್ತಿದ್ದ. ತಂಗಿಯ ಸುಳಿವು ಸಿಕ್ಕದ್ದೇ ತಿರುಗಿ, ಒಲೆಯ ಪಕ್ಕದ ಲಟ್ಟಣಿಗೆ ಎತ್ತಿಕೊಂಡು ಬಂದ. ಅಕ್ಕು ಅವ್ವನ ಎರಡೂ ಕಂಕುಳಿಗೆ ಕೈ ಹಾಕಿ ಹೊರಗೆ ಎಳೆದಳು. ಲಟ್ಟಣಿಗೆಯ ಏಟು ಹೆಗಲಿಗೆ ಬಿತ್ತು, ತೋಳು ಜೋಮು ಹಿಡಿಯಿತು. ವಿನೋದಿನಿ ಬಾಗಿಲನ್ನು ರಪ್ಪನೆ ಎಳೆದಳು, ಸಂದಿನಲ್ಲಿ ಅವನ ಬೆರಳು ಸಿಕ್ಕಿ ಅವನು ಚೀರಿ ಕೈ ಹಿಂದಕ್ಕೆಳೆದುಕೊಂಡ. ಅಕ್ಕು ಹೊರಗಿನಿಂದ ಚಿಲಕ ಜಡಿದಳು.

ಒಳಗೆ ಪಾತ್ರೆಗಳು ಗೋಡೆಗೆ ಬಡಿದವು. ಬಾಗಿಲು ಚೌಕಟ್ಟಿನಲ್ಲೇ ನಡುಗುತ್ತಿತ್ತು. ಅಕ್ಕು ಬೆನ್ನು ಕೊಟ್ಟು ನಿಂತಳು, ಒಂದೊಂದು ಒದೆತವೂ ಅವಳ ಹಲ್ಲಿನವರೆಗೆ ತಾಗುತ್ತಿತ್ತು. ನೆರೆಯ ಹಿರಿಯರೊಬ್ಬರು ಮುಂದೆ ಬಂದು, ಮನೆಯ ಗಂಡಸು, ಪೊಲೀಸರು ಬಂದರೆ ಮರ್ಯಾದೆ ಹೋಗುತ್ತದೆ, ತೆಗೆದುಬಿಡು, ನಾವು ತಿಳಿಹೇಳುತ್ತೇವೆ ಎಂದರು. ಹಿಂದಿನವರೂ ಹೌದೆಂದರು. ಒಬ್ಬ ಚಿಲಕಕ್ಕೆ ಕೈಯನ್ನೂ ಚಾಚಿದ.

ಅಕ್ಕು ಅವ್ವನ ಕಡೆ ನೋಡಿದಳು. ಅವ್ವನೂ ಅದನ್ನೇ ಹೇಳುತ್ತಾಳೆಂದು ಅವಳಿಗೆ ಖಾತ್ರಿಯಿತ್ತು.

ಶರಣವ್ವ ನೆಲದ ಮೇಲಿಂದ ಸರಿದು ಬಂದು, ಮಗಳ ಕಾಲಿನ ಪಕ್ಕದಲ್ಲಿ ಬಾಗಿಲಿಗೆ ಒರಗಿ ಕೂತಳು.

"ತೆಗೀಬ್ಯಾಡ್ರಿ," ಎಂದಳು. "ಅಂವ ನನ್ನ ಮಗ. ಅಂವ ಎಂಥಾವ ಅಂತ ನನಗ ಗೊತ್ತೈತಿ."

ಚಾಚಿದ ಕೈ ಹಿಂದೆ ಸರಿಯಿತು. ಪೊಲೀಸರು ಬರುವವರೆಗೂ ತಾಯಿ ಮಗಳು ಹಾಗೇ ಬಾಗಿಲಿಗೆ ಆನಿಕೊಂಡಿದ್ದರು.

ಈಗ ಇಬ್ಬರೂ ಸಯನ್‌ನಲ್ಲಿ ವಿನೋದಿನಿಯ ಮನೆಯ ಹಿಂದಿನ ಬಿಲ್ಡಿಂಗ್‌ನಲ್ಲಿ ಬಾಡಿಗೆಗಿದ್ದಾರೆ. ಕೇಸು ನಡೆಯುತ್ತಿದೆ. ಜಾಮೀನಿನ ಮೇಲೆ ಹೊರಗಿರುವ ಬಸು ಕೋರ್ಟಿನ ವರಾಂಡದಲ್ಲಿ ಎದುರಾದಾಗ ಶರಣವ್ವ ಮಗಳ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ. ನೋವಾಗುವಷ್ಟು ಬಿಗಿ. ಅಕ್ಕು ಬಿಡಿಸಿಕೊಳ್ಳುವುದಿಲ್ಲ. ಹೆಸರು ಕೂಗಿದಾಗ ಇಬ್ಬರೂ ಹಾಗೇ ಒಳಗೆ ಹೋಗುತ್ತಾರೆ.