ಎರಡು ಸಲ ಬಿದ್ದ ಉಪ್ಪು

ಹಿರಿಸೊಸೆ ಇದ್ದಕ್ಕಿದ್ದಂತೆ ಒಳ್ಳೆಯವಳಾಗಿಬಿಟ್ಟದ್ದೇ ಕಿರಿಸೊಸೆಗೆ ತಲೆನೋವಾಯಿತು. ಇಬ್ಬರೂ ಹಾವು ಮುಂಗುಸಿಯ ಹಾಗಿದ್ದಾಗ ನೆಮ್ಮದಿಯಿತ್ತು. ಈಗ ಆಕೆ ಬೇಕರಿಯಲ್ಲಿ ಬಿಸಿ ಒಲೆಯ ಮುಂದೆ ತಾನೇ ನಿಂತು, ಗಿರಾಕಿಗಳು ಹೊಗಳುವ ಕೌಂಟರನ್ನು ಇವಳಿಗೆ ಬಿಡುತ್ತಿದ್ದಳು. ಕೇಳಿದರೆ, "ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ್ರು. ನಂಗೆ ಒಲೆ ಕಷ್ಟಾನಾ?" ಅನ್ನುವಳು. ಗುಮ್ಮನಗುಸಕಿ! ಬೇಕರಿಯ ಯಜಮಾನಿಕೆಯನ್ನು ಒಬ್ಬ ಸೊಸೆಗೆ ಒಪ್ಪಿಸುತ್ತೇನೆ ಎಂದು ಅತ್ತೆ ಹೇಳಿದ ಮೇಲೆಯೇ ಈ ಭಕ್ತಿ ಉಕ್ಕಿದ್ದು ಎಂದು ಕಿರಿಸೊಸೆ ಗಂಡನ ಕಿವಿ ಕಚ್ಚಿದಳು. ಅವನು ಗೊರಕೆಯಲ್ಲೇ ಹೂಂಗುಟ್ಟಿದ.

ಆ ಬೇಕರಿಯಲ್ಲೊಂದು ಪದ್ಧತಿ. ಹಿಟ್ಟಿಗೆ ಉಪ್ಪು ಹಾಕಿದವರು ಅಳತೆಯ ಬಟ್ಟಲನ್ನು ಬೋರಲು ಹಾಕಬೇಕು. ನೆಟ್ಟಗಿದ್ದರೆ ಉಪ್ಪು ಬಿದ್ದಿಲ್ಲ ಎಂದರ್ಥ. ಬಾಯಿಬಿಟ್ಟು ಕೇಳುವ ಪರಿಪಾಠವೇ ಇಲ್ಲ. ಚರ್ಚಿನ ಊಟಕ್ಕೆ ಬ್ರೆಡ್ಡು ಮಾಡುವ ದಿನ ಕಿರಿಸೊಸೆ ಉಪ್ಪು ಹಾಕಿದಳು, ಬಟ್ಟಲನ್ನು ಬೋರಲು ಹಾಕಿದಳು. ಆಮೇಲೆ ಅತ್ತಿತ್ತ ನೋಡಿ ಅದನ್ನು ಮತ್ತೆ ನೆಟ್ಟಗಿಟ್ಟಳು. ಹಿರಿಸೊಸೆ ಬಂದು ಇನ್ನೊಂದು ಸಲ ಉಪ್ಪು ಸುರಿದಳು.

ಊಟದಲ್ಲಿ ಪಾದ್ರಿಗಳೇ ಮೊದಲ ತುತ್ತನ್ನು ಉಗುಳಿದರು. ಅತ್ತೆಯ ಮುಖ ಕೆಂಡವಾಯಿತು.

"ನಂದೇ ತಪ್ಪು ಅತ್ತೆ," ಎಂದಳು ಹಿರಿಸೊಸೆ.

ಅಂದಿನಿಂದ ಅವಳಿಗೆ ಟ್ರೇ ತೊಳೆಯುವ ಕೆಲಸ. ಕಿರಿಸೊಸೆಗೆ ಮಾತ್ರ ಅನುಮಾನ ಹೋಗಲಿಲ್ಲ. ಬಟ್ಟಲು ನೆಟ್ಟಗಿತ್ತು ಎಂದು ಅವಳು ಯಾಕೆ ವಾದ ಮಾಡಲಿಲ್ಲ? ಸಮಯ ನೋಡಿ ಎಲ್ಲರ ಮುಂದೆ ಮಾನ ಕಳೆಯಲು ಕಾಯುತ್ತಿದ್ದಾಳಾ? ಟ್ರೇ ಉಜ್ಜುವಾಗ ಅವಳು ಗುನುಗುವ ಪ್ರಾರ್ಥನೆಯಲ್ಲೂ ತನ್ನ ಹೆಸರಿದೆಯೇನೋ ಎಂದು ಕಿವಿಗೊಟ್ಟಳು. ಕೊನೆಗೆ ತಡೆಯಲಾರದೆ ಹಿತ್ತಲಿಗೆ ಹೋದಳು.

"ಏನಕ್ಕ ನಿನ್ನ ಮಸಲತ್ತು? ನೇರವಾಗಿ ಹೇಳ್ಬಿಡು."

ಹಿರಿಸೊಸೆ ಕೈ ಒರೆಸಿಕೊಂಡಳು. "ನೀನು ಅತ್ತಿತ್ತ ನೋಡಿ ಬಟ್ಟಲು ಮುಟ್ಟಿದ್ದನ್ನ ಕಿಟಕಿಯಿಂದ ನೋಡಿದ್ದೆ. ಯಾಕೆ ಅಂತ ಆಗ ಹೊಳೀಲಿಲ್ಲ. ಬ್ರೆಡ್ಡು ಬಾಯಿಗಿಟ್ಟಾಗ ಹೊಳೀತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳೋಕೆ ಬಾಯಿ ತೆರೆದಿದ್ದೆ ಕಣೇ. ಸಿಕ್ಕಿಬಿದ್ಲು, ಇನ್ನು ಯಜಮಾನಿಕೆ ನಂದೇ ಅಂತ ಎಷ್ಟು ಖುಷಿಯಾಯ್ತು ಗೊತ್ತಾ? ಆ ಖುಷಿ ನೋಡಿ ನಂಗೇ ಹೆದರಿಕೆ ಆಯ್ತು. ಇಷ್ಟು ದಿನ ಒಲೆ ಮುಂದೆ ನಿಂತಿದ್ದೂ ಇದಕ್ಕೇನಾ ಅನ್ನಿಸ್ತು. ಅದಕ್ಕೆ ತಪ್ಪನ್ನ ತಲೆ ಮೇಲೆ ಹಾಕ್ಕೊಂಡೆ. ಆ ಯಜಮಾನಿಕೇನ ಕಳ್ಕೊಳ್ಳದೆ ನನ್ನ ಆಸೆ ಸಾಯ್ತಿರ್ಲಿಲ್ಲ."

ಅಂದರೆ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ! ಕಿರಿಸೊಸೆ ಗೆದ್ದಂತೆ ಕುಣಿಯಬೇಕಿತ್ತು. ಕುಣಿಯುವುದಿರಲಿ, ಅಲ್ಲಿ ನಿಲ್ಲಲೂ ಆಗದೆ ಒಳಗೆ ಓಡಿದಳು.

ಮರುದಿನ ಬೆಳಿಗ್ಗೆ ಅಂಗಡಿ ತುಂಬ ಗಿರಾಕಿಗಳಿದ್ದರು. ಅತ್ತೆ ಬೀಗದ ಕೈಗಳನ್ನು ಕಿರಿಸೊಸೆಯ ಅಂಗೈಯಲ್ಲಿಟ್ಟು, "ಇನ್ಮೇಲೆ ಇವಳೇ ಯಜಮಾನಿ," ಎಂದಳು. ಸುಮ್ಮನಿದ್ದರೆ ಸಾಕಿತ್ತು, ಎಲ್ಲ ಅವಳದಾಗುತ್ತಿತ್ತು.

"ಅತ್ತೆ, ಆವತ್ತು ಬಟ್ಟಲು ನೆಟ್ಟಗಿಟ್ಟಿದ್ದು ನಾನು. ಬೇಕಂತಲೇ ಮಾಡ್ದೆ. ಅಕ್ಕನ್ನ ಕೆಡವೋಕೆ."

ಅತ್ತೆ ಬೀಗದ ಕೈಗಳನ್ನು ವಾಪಸ್ಸು ಕಿತ್ತುಕೊಂಡಳು. ಹಿತ್ತಲಿನ ಬಾಗಿಲಲ್ಲಿ ಹಿರಿಸೊಸೆ ನಿಂತಿದ್ದಳು. ಅನುಮಾನದ ಚಾಳಿ ಎಲ್ಲಿಗೆ ಹೋಗುತ್ತದೆ? ಕಿರಿಸೊಸೆ ಆ ಮುಖದಲ್ಲಿ ಗೆದ್ದ ನಗುವಿಗಾಗಿ ಹುಡುಕಿದಳು. ಅಲ್ಲಿ ಇದ್ದದ್ದು ಕಣ್ಣೀರು ಮಾತ್ರ. ಹುಡುಕಿದ್ದಕ್ಕೇ ಅವಳಿಗೆ ನಾಚಿಕೆಯಾಯಿತು.