ದಾರಿ ಬಲ್ಲ ಕುರಿ

ಇಲಿಗೆ ದಾರಿ ತಪ್ಪಿದರೆ ಯಾರಪ್ಪನ ಗಂಟು ಹೋಗುತ್ತೆ ಅಂತೀರಾ? ಚೈತ್ರಾಗೆ ಅದೇ ಕೆಲಸ. ಚಿತ್ರದುರ್ಗದ ಕಾಲೇಜೊಂದರ ಲ್ಯಾಬಿನಲ್ಲಿ, ಮರೆವಿನ ಕಾಯಿಲೆ ಆಲ್ಝೈಮರ್ ಬರಿಸಿದ ಇಲಿಗಳನ್ನು ನೀರಿನ ತೊಟ್ಟಿಗೆ ಬಿಟ್ಟು ನೋಡುತ್ತಾ ಕೂರುವುದು. ತೊಟ್ಟಿಯ ನೀರಿಗೆ ಹಾಲಿನ ಪುಡಿ ಕದಡಿರುತ್ತಾರೆ. ಆ ಬಿಳಿ ನೀರಿನಡಿ ಎಲ್ಲೋ ಒಂದು ಕಡೆ, ಕಾಣದ ಹಾಗೆ, ಪುಟ್ಟ ಕಟ್ಟೆ. ಸುತ್ತಲಿನ ಗೋಡೆಗೆ ಅಂಟಿಸಿದ ಚಿತ್ರಗಳ ಗುರುತು ಹಿಡಿದು ಇಲಿ ಈಜಿ ಹೋಗಿ ಆ ಕಟ್ಟೆ ಹತ್ತಬೇಕು.

ಕಾಯಿಲೆಯ ಶುರುವಿನಲ್ಲಿ ಇಲಿ ಗುಂಡುಕಲ್ಲಿನ ಹಾಗೇ ಇರುತ್ತೆ. ತಿನ್ನುತ್ತೆ, ಈಜುತ್ತೆ, ದಿನಾ ಬಿಡುವ ಕಡೆಯಿಂದಲೇ ಬಿಟ್ಟರೆ ಕಟ್ಟೆಗೂ ಹೋಗಿ ಸೇರುತ್ತೆ. ಗುಟ್ಟು ಬಯಲಾಗೋದು ಬೇರೆ ಕಡೆಯಿಂದ ಬಿಟ್ಟಾಗ. ಆಗ ನೋಡಬೇಕು ಅದರ ಪಾಡು, ತೊಟ್ಟಿಯ ಅಂಚು ಸವರಿಕೊಂಡು ಸುತ್ತಿದ್ದೇ ಸುತ್ತಿದ್ದು. ಮೊದಲು ಕಳಚಿಕೊಳ್ಳೋದು ದಾರಿ. ಉಳಿದದ್ದೆಲ್ಲ ಆಮೇಲೆ.

ಆ ಭಾನುವಾರ ಚೈತ್ರಾ ರಾಮಗಿರಿ ಹತ್ತಿರದ ಹಟ್ಟಿಗೆ ಬಂದಾಗ ಮನೆಯಲ್ಲಿ ರಂಪ ನಡೆದಿತ್ತು. ಅಣ್ಣ ಪರಮೇಶ್ ಮುದಿ ಕುರಿ ಕೆಂಚಿಯನ್ನು ಮಾರಿಬಿಡುತ್ತೇನೆ ಅಂದಿದ್ದ. ಮರಿ ಹಾಕೋದು ನಿಂತು ಯಾವ ಕಾಲವಾಗಿತ್ತೋ. ಅವ್ವ ಏಕನಾಥಮ್ಮ ಕುರಿರೊಪ್ಪದ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅದು ಮೀಸಲು ಕುರಿ ಕಣೋ. ಬೀರಪ್ಪಗೆ ಬಿಟ್ಟೀನಿ. ಮಾರಿದ್ರೆ ಒಳ್ಳೇದಾಗಲ್ಲ!"

"ಯಾವಾಗ ಬಿಟ್ಟೆ? ನಮ್ಮನೇಲಿ ದೇವರಿಗೆ ಬಿಡೋದು ಟಗರನ್ನ. ಹೆಣ್ಣು ಕುರಿ ಯಾವತ್ತಿಂದ ಮೀಸಲಾತವ್ವ?" ಅಂತ ನಕ್ಕ ಪರಮೇಶ್.

ಅವ್ವನ ಕಣ್ಣಲ್ಲಿ ನೀರು ಬಂತು. ದೇವರ ಹೆಸರಲ್ಲಿ ಎಂದೂ ಸುಳ್ಳು ಹೇಳಿದವಳಲ್ಲ ಅವಳು. ಚೈತ್ರಾ ಕೆಂಚಿಯತ್ತ ನೋಡಿದಳು. ಸಂಜೆ ಮೇವಿನಿಂದ ತಿರುಗುವಾಗ ಎಲ್ಲಕ್ಕಿಂತ ಮುಂದೆ ನಡೆಯೋದು ಅದೇ. ಅದರ ಹಿಂದೆ ಹಿಂಡು, ಹಿಂಡಿನ ಹಿಂದೆ ಅವ್ವ. ದಾರಿ ಬಲ್ಲದ್ದು ಯಾರು, ಅವ್ವನೋ ಕೆಂಚಿಯೋ ಅಂತ ಚೈತ್ರಾಗೆ ಅನುಮಾನ ಹುಟ್ಟಿತು. ಥೂ, ಹೆತ್ತವ್ವನನ್ನೂ ಇಲಿ ಜೊತೆ ತೂಗ್ತೀಯಲ್ಲೇ ಅಂತ ತನ್ನನ್ನೇ ಬೈದುಕೊಂಡಳು. ಬೈದುಕೊಂಡರೆ ಭಯ ಹೋಗುತ್ತಾ? ಊಟಕ್ಕೆ ಕೂತಾಗಲೂ ಅವ್ವನನ್ನೇ ಗಮನಿಸುತ್ತಿದ್ದಳು. ಅವ್ವ ಮಾತ್ರ ಎಂದಿನ ಹಾಗೇ ಊರವರ ಸುದ್ದಿಯೆಲ್ಲ ಹೇಳಿ ನಗಿಸಿದಳು. ಸಾರಿಗೆ ಉಪ್ಪೂ ಸರಿಯಾಗಿತ್ತು.

ಮಧ್ಯಾಹ್ನ ಚೈತ್ರಾ ಅವ್ವನನ್ನು ಆಟೋದಲ್ಲಿ ರೈಲ್ವೆ ಸ್ಟೇಷನ್ ಕಡೆ ಕರೆದೊಯ್ದಳು. ಬರುವಾಗ ನಡಕೊಂಡೇ ಹೋಗಾಣ ಅಂದಳು. ಅದು ಕುರಿ ಮೇಯಿಸುವ ದಾರಿಯಲ್ಲ. ಆದರೆ ಅವ್ವ ಹುಟ್ಟಿ ಬೆಳೆದದ್ದೇ ಈ ಗುಡ್ಡದ ಬುಡದಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಮನೆ ಸೇರುತ್ತಿದ್ದವಳು. ಕೈಯಾರೆ ಅವಳನ್ನು ತೊಟ್ಟಿಗಿಳಿಸುತ್ತಿದ್ದೇನೆ ಅನ್ನಿಸಿ ಚೈತ್ರಾಗೆ ಪಾಪ ಮಾಡಿದ ಹಾಗಾಯಿತು.

ಹುಣಸೆಮರದ ಹತ್ತಿರ ದಾರಿ ಕವಲೊಡೆಯಿತು. ಎಡಕ್ಕೆ ಹಟ್ಟಿ, ಬಲಕ್ಕೆ ಬರೀ ಮೆಕ್ಕೆಜೋಳದ ಹೊಲ. ಏಕನಾಥಮ್ಮ ಗುಡ್ಡ ನೋಡಿದಳು, ಮರ ನೋಡಿದಳು. ಪಕ್ಕದ ಬೇಲಿಯ ಕಲ್ಲುಕಂಬ ಹಿಡಿದು ನಿಂತಳು.

"ನೀನು ಮುಂದೆ ನಡಿಯವ್ವ. ಮೊಣಕಾಲು ನೋಯ್ತಾ ಐತೆ, ಹಿಂದೆ ಬತ್ತೀನಿ."

ಜೀವಮಾನವಿಡೀ ತಾನೇ ಮುಂದೆ ನಡೆದು, ಬ್ಯಾಗನೆ ಬಾ ಅಂತ ಬೈದವಳು! ಚೈತ್ರಾ ಬೇಕಂತಲೇ ಬಲಕ್ಕೆ ತಿರುಗಿದಳು. ಲೇ ಎಮ್ಮೆ, ಎತ್ತಾಗೆ ಹೊಂಟೆ ಅಂತ ಬೈಯಲಿ. ದೇವರೇ, ಒಂದು ಸಲ ಬೈಯಲಿ. ಹಿಂದಿನಿಂದ ಚಪ್ಪಲಿಯ ಸದ್ದು ಬರುತ್ತಲೇ ಇತ್ತು. ಹಟ್ಟಿ ದೂರ ದೂರ ಆಗುತ್ತಿತ್ತು.

"ಇನ್ನೇನು ಬಂತಲ್ಲ ಮನೆ," ಅಂದಳು ಅವ್ವ ನಿರಾಳವಾಗಿ.

ಚೈತ್ರಾಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಕಣ್ಣೊರೆಸಿಕೊಂಡು, ಹೊಲದ ಬದು ಹಿಡಿದು, ಬಳಸಿಕೊಂಡು ಹಟ್ಟಿಯ ಕಡೆ ನಡೆದಳು. "ಹ್ಞೂ ಅವ್ವ, ಬಂತು."

ಮನೆಯ ಮುಂದೆ ಲಗೇಜ್ ಆಟೋ ನಿಂತಿತ್ತು. ಪರಮೇಶ್ ಕೆಂಚಿಯ ಕೊರಳಿಗೆ ಹಗ್ಗ ಹಾಕಿದ್ದ.

"ಅಣ್ಣ, ಅದನ್ನ ಬಿಡು."

"ನೀನೂ ಮೀಸಲು ಅಂತೀಯೇನೇ, ಓದಿದೋಳು?"

"ಹ್ಞೂ. ಮೀಸಲೇ."

ಪರಮೇಶ್ ಗೊಣಗುತ್ತಾ ಹಗ್ಗ ಬಿಸಾಕಿ, ಆಟೋದವನಿಗೆ ಸಮಾಧಾನ ಹೇಳಲು ಹೋದ. ಏಕನಾಥಮ್ಮ ಮಗಳ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಹತ್ತಿರ ಬಂದು ಅವಳ ಮುಂಗೈ ಗಟ್ಟಿಯಾಗಿ ಹಿಡಿದಳು.

"ಅವನಿಗೆ ಹೇಳಬ್ಯಾಡ ಕಣೇ. ಹೇಳಿದ್ರೆ ನನ್ನ ಮೂಲೇಲಿ ಕುಂಡ್ರಿಸ್ತಾನೆ."

"ನಾಳೆ ದುರ್ಗಕ್ಕೆ ಹೋಗಾಣ, ಡಾಕ್ಟ್ರಿಗೆ ತೋರಿಸಾಣ ಅವ್ವ."

"ಹೋಗಾಣ. ಕೆಂಚಿ ಇರೋಗಂಟ ನನಗೇನೂ ಆಗಲ್ಲ ಬಿಡು," ಅಂದಳು ಅವ್ವ, ಕುರಿಯ ಬೆನ್ನು ಸವರುತ್ತಾ.

ಚೈತ್ರಾ ಕೆಂಚಿಯ ಕೆಳತುಟಿ ಎಳೆದು ನೋಡಿದಳು. ಒಂದೇ ಒಂದು ಹಲ್ಲು ಉಳಿದಿತ್ತು. ಬೆರಳು ತಾಗಿದರೆ ಅದೂ ಅಲ್ಲಾಡುತ್ತಿತ್ತು.