ಕುಳ್ಳ ಕಥೆಗಳ ವರ್ಷ

ಟಕ್.

ಸರಿರಾತ್ರಿಯ ಮನೆಯಲ್ಲೂ ಅದೇನು ದೊಡ್ಡ ಸದ್ದಲ್ಲ. ದೊಡ್ಡಪ್ಪನ ಉಂಗುರ ಕುರ್ಚಿಯ ಮರದ ಕೈಗೆ ತಾಗಿತ್ತು, ಅಷ್ಟೇ. ಆದರೆ ಅದರ ಅರ್ಥ ಪುಟ್ಟಿಗೆ ಚೆನ್ನಾಗಿ ಗೊತ್ತಿತ್ತು: ಸಾಕು, ಈ ಕಥೆ ಬೇಡ, ಮುಂದಿನದು ತೆಗೆ. ಅವಳು ಓದುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ಬಿಟ್ಟು, ಹಸ್ತಪ್ರತಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕಿ, ವಾಪಸು ಕಳಿಸುವ ಚೀಲಕ್ಕೆ ಸೇರಿಸಿದಳು.

ನಲವತ್ತು ದಾಟಿದ ಅವಳನ್ನು ಇನ್ನೂ ಪುಟ್ಟಿ ಎನ್ನುತ್ತಿದ್ದ ದೊಡ್ಡಪ್ಪ ಒಂದು ಸಣ್ಣ ಸಾಹಿತ್ಯ ಪತ್ರಿಕೆಯ ಸಂಪಾದಕರು. ಕಣ್ಣು ಮಂಜಾದ ಮೇಲೆ, ಬಂದ ಕಥೆಗಳನ್ನೆಲ್ಲ ಅವಳ ಬಾಯಿಂದಲೇ ಕೇಳುತ್ತಿದ್ದರು. ಹಗಲು ಅವಳಿಗೆ ಕಾಲೇಜಿನ ಪಾಠ. ಹಾಗಾಗಿ ಓದು ಏನಿದ್ದರೂ ರಾತ್ರಿ ಊಟದ ನಂತರ. ಅದಕ್ಕೂ ಅವರದೇ ಕಟ್ಟಳೆ. ಬರೆದವರ ಹೆಸರು ಹೇಳಕೂಡದು. ರಾಗ ಎಳೆಯಕೂಡದು, ಅಂಗಡಿಯ ಚೀಟಿ ಓದಿದ ಹಾಗೆ ಓದಬೇಕು. ಜೀವ ಇರುವ ಕಥೆ ತಾನಾಗಿ ಎದ್ದು ನಿಲ್ಲುತ್ತದೆ. ಉಂಗುರ ಸದ್ದು ಮಾಡಿದರೆ ಅಲ್ಲಿಗೆ ನಿಲ್ಲಿಸಬೇಕು. ಸದ್ದಿಲ್ಲದೆ ಕೊನೆ ಮುಟ್ಟಿದ್ದು ಅಚ್ಚಿಗೆ.

"ಕಣ್ಣು ಹೋದ್ರೆ ಹೋಯ್ತು, ಕಿವಿ ಇದೆ. ಕಿವಿ ಕೈಕೊಟ್ಟ ದಿನ ಪತ್ರಿಕೆ ನಿಲ್ಲಿಸಿಬಿಡ್ತೀನಿ" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಂದಂತೆ ಮಾಡುವ ಜಾಯಮಾನ ಅವರದು. ಸಿಗರೇಟನ್ನೂ ಹೀಗೇ ಒಂದು ಮಧ್ಯಾಹ್ನ ಬಿಟ್ಟಿದ್ದರು. ಆದರೆ ಪತ್ರಿಕೆ ಸಿಗರೇಟಲ್ಲ. ಅದು ನಿಂತರೆ ಅವರು ಬೆಳಗ್ಗೆ ಎದ್ದು ಕೂರುವುದಕ್ಕೆ ಬೇರೆ ನೆಪ ಉಳಿದಿರಲಿಲ್ಲ.

ಪುಟ್ಟಿ ಮುಂದಿನ ಕಥೆಯ ಪಿನ್ನು ಬಿಚ್ಚುತ್ತಿದ್ದಳು. ಇನ್ನೂ ಬಾಯಿ ತೆರೆದಿರಲಿಲ್ಲ. ಮತ್ತೆ ಟಕ್ ಎಂದಿತು.

ದೀಪ ಯಾವಾಗಲೂ ಅವಳ ಕಡೆಗೇ ಇರುತ್ತಿತ್ತು. ಬೆಳಕು ಬಿದ್ದರೆ ಅವರ ಕಣ್ಣಲ್ಲಿ ನೀರು ಸುರಿಯುತ್ತದೆಂದು ಅವರು ನೆರಳಲ್ಲಿ ಕೂರುತ್ತಿದ್ದರು. ಅವಳು ದೀಪದ ಕತ್ತನ್ನು ಮೆಲ್ಲಗೆ ಆ ಕಡೆ ತಿರುಗಿಸಿದಳು. ದೊಡ್ಡಪ್ಪನ ಗದ್ದ ಎದೆಗೆ ಇಳಿದಿತ್ತು. ಬಾಯಿ ಚೂರು ತೆರೆದಿತ್ತು. ಕೈ ಜಾರುತ್ತಿತ್ತು, ಬೆಚ್ಚಿದಂತೆ ಮೇಲೇಳುತ್ತಿತ್ತು, ಮತ್ತೆ ಜಾರಿ ಬೀಳುತ್ತಿತ್ತು. ಬಿದ್ದಾಗ ಉಂಗುರ ಮರಕ್ಕೆ ತಾಗುತ್ತಿತ್ತು.

ಒಳ್ಳೆಯ ನಿದ್ದೆ.

ಬಾಗಿಲ ಚಿಲಕವನ್ನು ಎರಡೆರಡು ಸಲ ಎಳೆದು ನೋಡುವವಳು ಪುಟ್ಟಿ. ಇಂಥದ್ದು ಇಷ್ಟು ದಿನ ಕಣ್ಣಿಗೆ ಬೀಳದೆ ಹೇಗೆ ಉಳಿಯಿತು? ಮೂಲೆಯಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದ ಚೀಲವನ್ನು ನೋಡಲು ಧೈರ್ಯ ಸಾಲದೆ ಸಣ್ಣಗೆ ಕೆಮ್ಮಿದಳು.

"ಹೂಂ, ಮುಂದಿನದು ತೆಗಿ" ಎಂದರು ದೊಡ್ಡಪ್ಪ, ಆ ಕ್ಷಣದವರೆಗೂ ಕಿವಿಗೊಟ್ಟು ಕೂತಿದ್ದವರಂತೆ.

ಮರುದಿನ ಪಾಠ ಮುಗಿಸಿ ಪ್ರೆಸ್ಸಿಗೆ ಹೋದಳು. ಹಿಂದಿನ ಕೋಣೆಯಲ್ಲಿ ಅಲ್ಪವಿರಾಮ ಕರಡು ತಿದ್ದುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾಗಿ ಪತ್ರಿಕೆಗೆ ಪುಕ್ಕಟೆ ದುಡಿಯುತ್ತಿದ್ದ ಅವರು ಮಾತಿನ ನಡುವೆ ತಡೆದು ತಡೆದು ನಿಲ್ಲುತ್ತಿದ್ದುದರಿಂದ ಈ ಹೆಸರು, ಇಟ್ಟವರು ದೊಡ್ಡಪ್ಪನೇ. ಪುಟ್ಟಿ ಸುತ್ತಿ ಬಳಸಿ, ಈಚೆಗೆ ನಮ್ಮ ಕಥೆಗಳಲ್ಲಿ ಏನಾದರೂ ವ್ಯತ್ಯಾಸ ಕಾಣುತ್ತಿದೆಯೇ ಎಂದು ಕೇಳಿದಳು.

"ಕಾಣದೆ ಏನು, ತಂಗಿ? ಎಲ್ಲಾ... ಕುಳ್ಳ ಕಥೆಗಳು. ಮೊದಲು ಒಂದು ಕಥೆ ತಿದ್ದೋಷ್ಟರಲ್ಲಿ ಎರಡು ಟೀ ಆಗ್ತಿತ್ತು. ಈಗ ಟೀ ಆರೋದ್ರೊಳಗೆ... ಕಥೇನೇ ಮುಗಿದಿರುತ್ತೆ."

ಅವರು ನಗುತ್ತಿದ್ದರು, ಪುಟ್ಟಿಗೆ ನಗು ಬರಲಿಲ್ಲ. ಹೋದ ಸಂಚಿಕೆಯ ಬಗ್ಗೆ ವಿಮರ್ಶಕರೊಬ್ಬರು, ಈ ಪತ್ರಿಕೆ ಮಿತಮಾತಿನ ಹೊಸ ಹಾದಿ ತೆರೆದಿದೆ ಎಂದು ಬರೆದಿದ್ದರು. ದೊಡ್ಡಪ್ಪ ಅದನ್ನು ಮತ್ತೆ ಮತ್ತೆ ಓದಿಸಿಕೊಂಡಿದ್ದರು. ಗುಟ್ಟು ಇಷ್ಟೇ: ಅವರಿಗೆ ನಿದ್ದೆ ಹತ್ತುವುದರೊಳಗೆ ಮುಗಿದ ಕಥೆಗಳು ಮಾತ್ರ ಬದುಕಿಕೊಂಡಿದ್ದವು. ಬರೆಯುವವರೂ ಗಾಳಿ ಬಂದ ಕಡೆ ತಿರುಗಿ, ಕತ್ತರಿ ಹಿಡಿದು ಕೂತಿದ್ದರು.

ಅಲ್ಪವಿರಾಮ ಮೇಜಿನ ಮೇಲಿದ್ದ ಕರಡನ್ನು ಅವಳ ಕಡೆ ಸರಿಸಿದರು. "ಆಸ್ಪತ್ರೆಯ ಆ ನರ್ಸಮ್ಮ ಬರೆದಿರೋ ಕಥೆ ನೋಡು. ಸೊಗಸಾಗಿದೆ. ಆದ್ರೆ ಹುಡುಗ ರಾತ್ರಿಯೆಲ್ಲ ಬಾಗಿಲು ನೋಡ್ತಾ ಕೂತಿದಾನೆ, ಯಾರಿಗೆ ಕಾಯ್ತಿದಾನೆ ಅಂತಾನೇ... ಇಲ್ಲ."

ಪುಟ್ಟಿಗೆ ಗೊತ್ತಿತ್ತು. ಹುಡುಗ ತಾಯಿಗಾಗಿ ಕಾಯುತ್ತಿದ್ದ. ಇದೇ ಕಥೆ ಮೊದಲ ಸಲ ಬಂದಾಗ ಉದ್ದವಿತ್ತು; ತಾಯಿ ಬಾಗಿಲಿಗೆ ಬರುವ ಮೊದಲೇ ಉಂಗುರ ಸದ್ದು ಮಾಡಿತ್ತು. ವಾಪಸು ಪಡೆದ ನರ್ಸಮ್ಮ, ಉದ್ದವೇ ತಪ್ಪೆಂದು ತಿಳಿದು, ತಾಯಿಯನ್ನೇ ತೆಗೆದುಹಾಕಿ ಮತ್ತೆ ಕಳಿಸಿದ್ದಳು.

"ಯಾಕೆ ತಂಗಿ, ದೊಡ್ಡಪ್ಪಂಗೆ ಹುಷಾರಿಲ್ವಾ?" ಅಲ್ಪವಿರಾಮ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಈ ಪ್ರಶ್ನೆಯಲ್ಲಿ ಮಾತ್ರ ಎಲ್ಲೂ ತಡೆ ಇರಲಿಲ್ಲ.

ಚೆನ್ನಾಗಿದ್ದಾರೆ, ಈ ಕಥೆಯನ್ನು ಮುಂದಿನ ಸಂಚಿಕೆಗೆ ತೆಗೆದಿಡಿ ಎಂದಳು.

ಅಂದು ಸಂಜೆ, ಇನ್ನು ಮೇಲೆ ರಜೆಯ ಬೆಳಗ್ಗೆ ಓದೋಣವೇ ಎಂದು ದೊಡ್ಡಪ್ಪನನ್ನು ಕೇಳಿ ನೋಡಿದಳು. ಅವರು ಸುತರಾಂ ಒಪ್ಪಲಿಲ್ಲ. ಬೆಳಗ್ಗೆ ಬೀದಿಯ ಗಲಾಟೆ, ತಮ್ಮ ಕಿವಿ ಚುರುಕಾಗುವುದೇ ರಾತ್ರಿ ಎಂದರು.

"ಚುರುಕಂತೆ" ಎಂದರು ದೊಡ್ಡಮ್ಮ, ಬಾಗಿಲಲ್ಲಿ ಬಟ್ಟೆ ಮಡಚುತ್ತ. "ನಾನು ಹತ್ತು ಸಲ ಕರೆದ್ರೂ ಕೇಳ್ಸಲ್ಲ."

"ಅಚ್ಚು ಹಾಕೋ ಅಂಥದ್ದು ಏನಾದ್ರೂ ಹೇಳು, ಕೇಳ್ಸುತ್ತೆ."

ದೊಡ್ಡಮ್ಮ ಮಲಗಿದ ಮೇಲೆ ಪುಟ್ಟಿ ಚೀಲದಿಂದ ನಿನ್ನೆಯ ಕಥೆಯನ್ನೇ ತೆಗೆದಳು. ಅಣ್ಣತಮ್ಮಂದಿರಿಬ್ಬರು ಜಗಳವಾಡಿ ಹೊಲಿಗೆ ಅಂಗಡಿಯ ನಡುವೆ ಗೋಡೆ ಎಬ್ಬಿಸಿಕೊಂಡ ಕಥೆ. ನಿನ್ನೆ ನಿಂತಿದ್ದ ಜಾಗಕ್ಕೆ ಇನ್ನೂ ಒಂದು ಪುಟ ಇರುವಾಗಲೇ ಟಕ್ ಎಂದಿತು. ಅಭ್ಯಾಸಬಲದಿಂದ ನಾಲಿಗೆ ನಿಂತಿತು. ದೀಪವನ್ನು ಕೊಂಚ ಆ ಕಡೆ ತಿರುಗಿಸಿದಳು; ಇಂದೂ ನಿದ್ದೆ.

ಎಬ್ಬಿಸಿ ಹೇಳಬಹುದಿತ್ತು. ಆದಷ್ಟು ಮೆತ್ತಗಿನ ಮಾತುಗಳನ್ನು ಆರಿಸಿ ಬೆಳಗಿನಿಂದ ಆ ವಾಕ್ಯವನ್ನು ಜೋಡಿಸಿಟ್ಟಿದ್ದಳು. ಆದರೆ ಎಷ್ಟು ಮೆತ್ತಗೆ ಹೇಳಿದರೂ ಅದು ಹೇಳುತ್ತಿದ್ದುದು ಒಂದೇ: ಕಿವಿ ಕೈಕೊಟ್ಟಿದೆ. ಕುರ್ಚಿಯ ಕೈಯಲ್ಲಿ ಉಂಗುರ ಬೀಳುವ ಜಾಗದ ಬಣ್ಣ ಸವೆದು ಮರ ಬೆಳ್ಳಗಾಗಿತ್ತು. ಅದನ್ನು ನೋಡುತ್ತ ನೋಡುತ್ತ, ಮುಂದಕ್ಕೆ ಓದಿದಳು.

ಕೇಳುವವರಿಲ್ಲದ್ದರಿಂದ ಸ್ವಲ್ಪ ಹೊತ್ತಿಗೆ ಅಂಗಡಿಯ ಚೀಟಿ ಮರೆತುಹೋಯಿತು. ಅಣ್ಣನ ಸಿಟ್ಟಿಗೆ ದನಿ ಏರಿತು. ಆಚೆಯ ಹೊಲಿಗೆ ಯಂತ್ರ ನಡೆಯುತ್ತಿದೆಯೇ ಎಂದು ತಮ್ಮ ತನ್ನದನ್ನು ನಿಲ್ಲಿಸಿ ಗೋಡೆಗೆ ಕಿವಿ ಇಡುವಲ್ಲಿ ಅವಳ ದನಿ ತಾನಾಗಿ ಇಳಿಯಿತು. ಕೊನೆಯ ಸಾಲು ಓದಿ ಸುಮ್ಮನಾದಳು.

ಆ ಮೌನಕ್ಕೇ ಅವರಿಗೆ ಎಚ್ಚರವಾಗಿರಬೇಕು.

"ಮುಗೀತಾ?"

"ಮುಗೀತು ದೊಡ್ಡಪ್ಪ."

ಅವರ ಬೆರಳುಗಳು ಕುರ್ಚಿಯ ಕೈಯ ಮೇಲೆ ಏನನ್ನೋ ತಡಕಿದವು. ಆ ಮುಖವನ್ನು ಅವಳು ದಿನಾ ತರಗತಿಯಲ್ಲಿ ನೋಡುತ್ತಿದ್ದಳು. ಪಾಠ ಓದದೆ ಬಂದು, ಹೆಸರು ಹಿಡಿದು ಕರೆಸಿಕೊಂಡವರ ಮುಖ.

"ನಾನು ಬಡಿದ್ನಾ?" ಎಂದರು ಮೆಲ್ಲಗೆ.

"ಇಲ್ಲ. ಕೊನೇವರೆಗೂ ಬಡೀಲಿಲ್ಲ."

"ಹಾಗಾದ್ರೆ ತಗೋ." ಸ್ವಲ್ಪ ತಡೆದು, "ಉದ್ದ ಆಯ್ತೇನೋ?"

"ಉದ್ದ ಇದೆ. ಒಂದು ಸಾಲೂ ತೆಗೆಯೋ ಹಾಗಿಲ್ಲ."

ಕಥೆಯೊಂದರ ಬಗ್ಗೆ ಅವಳು ಅಭಿಪ್ರಾಯ ಹೇಳಿದ್ದು ಅದೇ ಮೊದಲು. ಎಂದಿನ ದೊಡ್ಡಪ್ಪನಾಗಿದ್ದರೆ, ನಿನ್ನನ್ನ ಯಾರು ಕೇಳಿದ್ರು ಎನ್ನುತ್ತಿದ್ದರು. ಈ ದೊಡ್ಡಪ್ಪ ತಲೆಯಾಡಿಸಿ, ಗೋಡೆ ಹಿಡಿದುಕೊಂಡು ಮಲಗಲು ಹೋದರು.

ಪುಟ್ಟಿ ಮೂಲೆಯ ಗೀಟನ್ನು ರಬ್ಬರಿನಿಂದ ಉಜ್ಜಿ ಪುಡಿ ಊದಿದಳು. ನರ್ಸಮ್ಮನಿಗೆ, ತಾಯಿ ಇರುವ ಪ್ರತಿಯನ್ನೇ ಮತ್ತೆ ಕಳಿಸಿ ಎಂದು ದೊಡ್ಡಪ್ಪನ ಹೆಸರಲ್ಲಿ ಬರೆಯಬೇಕು. ಅದನ್ನವಳು ಆಗಲೇ ಒಲೆಗೆ ಹಾಕಿದ್ದರೆ? ಹೀಗೆ ಕಥೆ ವಾಪಸಾದ ಉಳಿದವರಿಗೂ ಬರೆಯಬೇಕು. ಇನ್ನು ಬೇಕು ಬೇಡ ಎನ್ನುವ ಪ್ರತಿಯೊಂದು ಮಾತೂ ತನ್ನ ತಲೆಗೇ. ನಾಳೆ ಅಲ್ಪವಿರಾಮ ಮತ್ತೆ ಕನ್ನಡಕದ ಮೇಲಿಂದ ನೋಡುತ್ತಾರೆ. ದೊಡ್ಡಮ್ಮನೂ ಇಂದಲ್ಲ ನಾಳೆ ಕೇಳಿಯೇ ಕೇಳುತ್ತಾರೆ.

ದೀಪವನ್ನು ಮೊದಲಿನಂತೆ ತನ್ನ ಕಡೆಗೆ ತಿರುಗಿಸಿದಳು. ಖಾಲಿ ಕುರ್ಚಿ ಕತ್ತಲಿಗೆ ಸರಿಯಿತು. ಯಾರೇ ಕೇಳಲಿ; ನಿದ್ದೆಯ ವಿಷಯ ಯಾರಿಗೂ ಹೇಳುವುದು ಬೇಡ.